ಮುಚ್ಚಳದ ತೂತು

ಗ್ಯಾರೇಜು,
ಗುರುವಾರ, ಮಧ್ಯಾಹ್ನ

ನನ್ನ ಪುಟ್ಟಿಗೆ,

ಫೋನಿನಲ್ಲಿ ಗಂಡನ ಸುದ್ದಿ ಎತ್ತಿದರೆ ಸಾಕು, ನೀನು ಇಟ್ಟುಬಿಡುತ್ತೀಯ. ಕಾಗದವನ್ನಾದರೆ ಹರಿಯುವ ಮೊದಲು ಒಂದೆರಡು ಸಾಲು ಓದುತ್ತೀಯ ಎಂದು ಬರೆಯುತ್ತಿದ್ದೇನೆ. ಸೋಮವಾರ ಕೋರ್ಟಿನಲ್ಲಿ ವಿಚ್ಛೇದನದ ಕಾಗದಕ್ಕೆ ರುಜು ಹಾಕಬೇಡ. ಅವತ್ತು ವ್ಯಾನಿನಲ್ಲಿ ಡೀಸೆಲ್ ಇತ್ತು.

ಇರಲಿಲ್ಲ ಎಂದು ಹೇಳಿದವಳು ನಾನೇ. ಹೆರಿಗೆ ನೋವು ತಿನ್ನುತ್ತಿದ್ದ ನಿನ್ನನ್ನು ಅಳಿಯ ಅದರಲ್ಲಿ ದೊಡ್ಡಾಸ್ಪತ್ರೆಗೆ ಕರೆದೊಯ್ಯುವಾಗ ನಡುದಾರಿಯಲ್ಲಿ ಇಂಜಿನ್ ನಿಂತಿತು, ಮತ್ತೆ ಸ್ಟಾರ್ಟ್ ಆಗಲಿಲ್ಲ. ಬೇರೆ ಗಾಡಿ ಸಿಗುವ ಹೊತ್ತಿಗೆ ಕೂಸು ಹೋಗಿತ್ತು. ಮೂರನೆಯ ದಿನ ವ್ಯಾನನ್ನು ಇಲ್ಲಿಗೆ ಎಳೆದು ತಂದರು. ಫಿಲ್ಟರಿನ ಸ್ಕ್ರೂ ಸಡಿಲಿಸಿ ಕೈಪಂಪು ಒತ್ತಿದೆ, ಬರೀ ನೊರೆ ಬಂತು. ಒಳಗಿನ ಗಾಳಿ ತೆಗೆದದ್ದೇ ತಡ, ಇಂಜಿನ್ ಸ್ಟಾರ್ಟ್ ಆಯಿತು. ಪೈಪಿನಲ್ಲಿ ಗಾಳಿ ಸೇರಿದೆಯೆಂದರೆ ಟ್ಯಾಂಕು ಬರಿದಾಗಿತ್ತು ಎಂಬುದು ನಮ್ಮ ಕಸುಬಿನ ಮೊದಲ ಪಾಠ. ಟ್ಯಾಂಕಿನಲ್ಲಿ ಅರ್ಧ ಡೀಸೆಲ್ ಕಂಡೂ ನಾನು, "ತಪ್ಪು ಮುಚ್ಚೋಕೆ ಆಮೇಲೆ ಕ್ಯಾನಲ್ಲಿ ತಂದು ಸುರಿದಿದಾರೆ" ಎಂದೆ. ಎಲ್ಲರೆದುರಿಗೆ ಎಂದೆ. ಎಲುಬಿಲ್ಲದ ನಾಲಿಗೆ.

ಅಳಿಯ, "ಇಲ್ಲ ಅತ್ತೆ, ಹಿಂದಿನ ದಿನಾನೇ ಹಾಕ್ಸಿದ್ದೆ" ಅಂದರು. ಎರಡು ಸಲ ಅಂದರು. ಊರೆಲ್ಲ ಡೀಸೆಲ್ ಡಾಕ್ಟ್ರಮ್ಮ ಅಂತ ಕರೆಯುವ ನಾನೇ ಹೇಳಿದ ಮೇಲೆ ಶಾಲೆ ಮಕ್ಕಳ ವ್ಯಾನು ಓಡಿಸುವವನ ಮಾತು ಯಾರಿಗೆ ಬೇಕು? ನೀನು ಅದೇ ವಾರ ಚಿಕ್ಕಮ್ಮನ ಮನೆಗೆ ಹೊರಟುಹೋದೆ.

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅನ್ನುತ್ತಾರಲ್ಲ, ನಾನು ಪ್ರಮಾಣಿಸಿದ್ದು ಎಂಟು ತಿಂಗಳ ಮೇಲೆ. ಆ ಹಾಳು ವ್ಯಾನನ್ನು ಮಾರಿ ಕಣ್ಣಿಂದ ದೂರ ಮಾಡೋಣವೆಂದು ಮೊನ್ನೆ ಓಡಿಸಿ ನೋಡಲು ಹೊರಟೆ. ನಲವತ್ತು ನಿಮಿಷ ಚೆನ್ನಾಗಿ ಓಡಿತು. ಆಮೇಲೆ ಎರಡು ಸಲ ಬಿಕ್ಕಳಿಸಿ ನಿಂತಿತು. ಎಷ್ಟು ಸೆಲ್ಫ್ ಹೊಡೆದರೂ ಬರೀ ಗಿರಗಿರ. ಅಳತೆ ನೋಡಲು ಟ್ಯಾಂಕಿನ ಮುಚ್ಚಳ ತಿರುವಿದೆ, ಉಸ್ಸೆಂದು ಗಾಳಿ ಒಳಗೆ ನುಗ್ಗಿತು. ಗಾಳಿ ತೆಗೆದು ಮತ್ತೆ ಓಡಿಸಿದೆ, ಮತ್ತೆ ಅಷ್ಟೇ ಹೊತ್ತಿಗೆ ನಿಂತಿತು. ಕೊನೆಗೆ ಮುಚ್ಚಳ ತೆಗೆದು ಟ್ಯಾಂಕಿನ ಬಾಯಿಗೆ ಅರಿವೆ ಕಟ್ಟಿಕೊಂಡು ಬಂದೆ. ದಾರಿಯುದ್ದಕ್ಕೂ ಒಂದು ಸಲವೂ ನಿಲ್ಲಲಿಲ್ಲ.

ಆ ಮುಚ್ಚಳದಲ್ಲಿ ಸೂಜಿ ಹೋಗುವಷ್ಟು ತೂತಿರುತ್ತದೆ ಮಗಳೇ. ಡೀಸೆಲ್ ಇಳಿದಂತೆಲ್ಲ ಅದರಿಂದ ಟ್ಯಾಂಕಿಗೆ ಗಾಳಿ ಹೋಗಬೇಕು. ಅದು ಮುಚ್ಚಿದರೆ ಪಂಪು ಎಷ್ಟು ಎಳೆದರೂ ಡೀಸೆಲ್ ಬರುವುದಿಲ್ಲ, ಹಳೆಯ ಜಾಯಿಂಟುಗಳಿಂದ ಗಾಳಿಯನ್ನೇ ಹೀರುತ್ತದೆ. ಶಾಲೆಗೆ ಕಾಲು ಗಂಟೆಯ ದಾರಿ, ಅಷ್ಟಕ್ಕೆ ಗೊತ್ತಾಗುತ್ತಿರಲಿಲ್ಲ. ಆಸ್ಪತ್ರೆಗೆ ಒಂದೂವರೆ ಗಂಟೆ. ಅಳಿಯ ಅವತ್ತೂ ಮುಚ್ಚಳ ತೆಗೆದು ಡೀಸೆಲ್ ಇದೆಯೆಂದು ನೋಡಿದ್ದರಂತೆ. ಪೈಪಿನ ಗಾಳಿ ತೆಗೆಯುವುದು ಅವರಿಗೇನು ಗೊತ್ತು?

ತೂತಿಗೆ ಕೊಳೆ ಕಟ್ಟಿಕೊಂಡಿತ್ತು. ಯಾರ ತಪ್ಪೂ ಅಲ್ಲ. ನಿನ್ನೆ ಅವರ ರೂಮಿಗೆ ಹೋಗಿ ಇಷ್ಟನ್ನೂ ಹೇಳಿ ಕೈಮುಗಿದೆ. ಈಗ ಯಾರದೋ ನೀರಿನ ಟ್ಯಾಂಕರ್ ಓಡಿಸುತ್ತಾರೆ, ಬಹಳ ಇಳಿದುಹೋಗಿದ್ದಾರೆ. ನಿನ್ನ ಚಪ್ಪಲಿ ಇನ್ನೂ ಬಾಗಿಲ ಬಳಿಯೇ ಇದೆ. ಉಣ್ಣಲು ಕೂತಿದ್ದವರು ತಟ್ಟೆ ಪಕ್ಕಕ್ಕೆ ಸರಿಸಿ, ನೀನು ಹೊಟ್ಟೆ ತುಂಬ ಊಟ ಮಾಡುತ್ತೀಯಾ ಎಂದು ಕೇಳಿದರು.

ಒಮ್ಮೆ ಅವರೊಡನೆ ಮಾತಾಡು.

ನಿನ್ನ
ಅಮ್ಮ

ಮತ್ತೊಂದು ಮಾತು: ಕೊಳೆ ಅಂತ ಬರೆದದ್ದು ಸುಳ್ಳು. ಅದು ಸೋಪು. ನಮ್ಮ ಬಚ್ಚಲಿನ ನೀಲಿ ಬಟ್ಟೆ ಸೋಪು. ನೀನು ಏಳು ತಿಂಗಳ ಬಸುರಿಯಾಗಿದ್ದಾಗ ತಿರುವುಗಳಲ್ಲಿ ಆ ತೂತಿನಿಂದ ಡೀಸೆಲ್ ಚೆಲ್ಲಿ, ವಾಸನೆಗೆ ನೀನು ವಾಂತಿ ಮಾಡಿಕೊಳ್ಳುತ್ತಿದ್ದೆ. ನೋಡಲಾಗದೆ, ಸೋರುವ ಟ್ಯಾಂಕಿಗೆ ಸೋಪು ಒತ್ತುವ ಹಾಗೆ, ಹೆಬ್ಬೆರಳಿನಿಂದ ಒತ್ತಿದವಳು ನಾನು. ಯಾರಿಗೂ ಹೇಳಲಿಲ್ಲ, ಆಮೇಲೆ ನಾನೂ ಮರೆತೆ. ನಿನ್ನೆ ಅವರಿಗೆ ಇದನ್ನೂ ಹೇಳಿದೆ. ನಾನು ಒಯ್ದಿದ್ದ ಮುಚ್ಚಳವನ್ನು ನನ್ನ ಕೈಗೇ ಹಿಂದಿರುಗಿಸಿ, "ಸೋಪಿನ ವಿಷ್ಯ ಅವಳಿಗೆ ಬರೀಬೇಡಿ ಅತ್ತೆ, ಅವಳಿಗೆ ಅಮ್ಮನಾದ್ರೂ ಉಳೀಲಿ" ಅಂದರು. ಅದಕ್ಕೇ ಮೇಲೆ ಹಾಗೆ ಬರೆದೆ. ಆದರೆ ನೀನು ಸೋಮವಾರ ಬಿಡಲು ಹೊರಟಿರುವುದು ಇಂಥವರನ್ನು. ಬಿಡಲೇಬೇಕೆಂದಿದ್ದರೆ ನನ್ನನ್ನು ಬಿಡು.