ತೊಳೆದಿಟ್ಟ ಧೂಪದ ಪಾತ್ರೆ

ಬುದೈ ರೇವು,
ಎರಡನೇ ತಿಂಗಳ ಹುಣ್ಣಿಮೆ

ತಂಗಿ ಸಿಯೋಕ್-ಹುನ್‌ಗೆ, ನಿನ್ನಣ್ಣ ಬರೆಯುವುದು.

ಮುಖ ಸಿಂಡರಿಸಿಕೊಂಡಾದರೂ ಪೂರ್ತಿ ಓದು. ಕಾಗೆಕಾಲು ಗುಬ್ಬಿಕಾಲು ಎಂದು ನಗಬೇಡ. ನಾಲ್ಕನೇ ಕ್ಲಾಸಿಗೇ ಬಲೆ ಹಿಡಿದವನು ನಾನು.

ಕಡಲು ಕಾಯುವ ನಮ್ಮ ಮಾಜು ಅಮ್ಮನ ಗುಡಿಯನ್ನು ಪುರಾತನ ಗುಡಿಗಳ ಲೆಕ್ಕಕ್ಕೆ ಸೇರಿಸಲು ಸರ್ಕಾರದವರು ನೋಡಲು ಬರುತ್ತಾರಂತೆ. ಸರಿ, ಗುಡಿ ಸಮಿತಿಯ ಅಧ್ಯಕ್ಷ ಹೋಕ್-ಸಿಂಗ್ ಎಲ್ಲವನ್ನೂ ತೊಳೆಸಿದ. ಧೂಪದ ಪಾತ್ರೆಯನ್ನೂ! ಮುತ್ತಜ್ಜ ಕಡಲಾಚೆಯಿಂದ ಕೆಂಪು ಬಟ್ಟೆಯಲ್ಲಿ ಕಟ್ಟಿ, ದೋಣಿಯಲ್ಲಿ ಎದೆಗವಚಿಕೊಂಡು ತಂದ ಬೂದಿ, ಅದರ ಮೇಲೆ ಇಷ್ಟು ತಲೆಮಾರುಗಳ ಊದುಕಡ್ಡಿಯ ಬೂದಿ, ಎಲ್ಲ ಚರಂಡಿ ಪಾಲು. ಗೋಡೆ, ಮಾಡು ಬಿರುಗಾಳಿಗೆ ಬಿದ್ದು ಬಿದ್ದು ಹೊಸದಾದವು. ಗುಡಿಯಲ್ಲಿ ಹಳೆಯದೆಂದು ಇದ್ದದ್ದು ಅದೊಂದೇ.

"ನೋಡಿ ಮಾವ, ಮುಖ ಕಾಣ್ಸತ್ತೆ!" ಅಂದ.

"ನಿನ್ ಮುಖ ನೋಡ್ಕೊಳಕ್ಕೆ ಮನೇಲಿ ಕನ್ನಡಿ ಇರ್ಲಿಲ್ವೇನೋ ಮುಠ್ಠಾಳ?" ಅಂದೆ.

"ಬೂದಿ ತಾನೆ? ಮರಳು ತುಂಬ್ಸಿದ್ರಾಯ್ತು ಬಿಡಿ."

ಮುಂದಿನ ತಿಂಗಳು ಅಮ್ಮನ ಹುಟ್ಟುಹಬ್ಬ. ಆ ಬೂದಿಯಿಲ್ಲದೆ ಅಮ್ಮ ಎಲ್ಲಿ ಕೂರುತ್ತಾಳೆ? ಅವಳ ಮುಂದೆಯೇ ಅರ್ಧಚಂದ್ರದಂಥ ಎರಡು ಮರದ ತುಂಡುಗಳನ್ನು ಎಸೆದು ಕೇಳಿದೆ. ಮರಳು ಆಗುತ್ತದಾ? ಎರಡೂ ಬೋರಲು, ಬೇಡ. ಪೇಟೆ ಗುಡಿಯ ಬೂದಿ? ಮತ್ತೆ ಬೋರಲು. ನಿನ್ನ ದ್ವೀಪದ ಗುಡಿಯದು? ಒಂದು ಬೋರಲು, ಒಂದು ಅಂಗಾತ. ಒಪ್ಪಿಗೆ. ನಂಬದೆ ಮತ್ತೆ ಮತ್ತೆ ಎಸೆದೆ. ಅದೇ.

ನೀನು ಮದುವೆಯಾಗಿ ದ್ವೀಪಕ್ಕೆ ಹೋದಾಗ ಒಯ್ದದ್ದು ಈ ಪಾತ್ರೆಯದೇ ಒಂದು ಹಿಡಿ ಬೂದಿ. ಅದರಿಂದಲೇ ನಿಮ್ಮ ಗುಡಿ ಎದ್ದದ್ದು. ನಿಮ್ಮ ಗುಡಿಯ ಅಮ್ಮ ವರ್ಷ ವರ್ಷ ಪಲ್ಲಕ್ಕಿಯಲ್ಲಿ ತವರಿಗೆ ಬರುತ್ತಿದ್ದಳು. ನಿಮ್ಮವರು ಕಮಾನಿನ ಮೇಲೆ 'ಮೂಲಗುಡಿ' ಎಂದು ಕೆತ್ತಿಸಿದ ವರ್ಷ ನಾನು ಬಾಗಿಲು ಹಾಕಿದೆ. ಪಲ್ಲಕ್ಕಿ ಬೀದಿಯಲ್ಲೇ ತಿರುಗಿತು. "ಅಣ್ಣ, ಬಾಗ್ಲು ಹಾಕಿದ್ದು ಅಮ್ಮ ಅಲ್ಲ, ನಿನ್ ಜಂಭ" ಅಂದು ಹೋದವಳು ನೀನು, ಇವತ್ತಿಗೂ ಮಾತಾಡಿಲ್ಲ. ನಾನು ಮಾಡಿದ್ದು ಸರಿಯೇ. ಮಗಳು ತಾನೇ ತಾಯಿ ಎಂದರೆ ಯಾರು ಸಹಿಸುತ್ತಾರೆ? ಈಗ ನೋಡು, ಆ ಸುಳ್ಳನ್ನು ನಾವೇ ನಿಜ ಮಾಡಬೇಕಾಗಿದೆ.

ಒಂದು ಹಿಡಿ ಬೂದಿ ಕೊಡು. ಅಂಚೆಯಲ್ಲಿ ಹಾಕೀಯ, ಜೋಕೆ. ದೇವರ ಬೂದಿ ಬಿಸಿಲು ಕಾಣಬಾರದು, ಕಪ್ಪು ಕೊಡೆಯ ನೆರಳಲ್ಲೇ ಬರಬೇಕು.

ನಿನ್ನ ಅಣ್ಣ,
ಬುನ್-ತಿಯಾಮ್

ತಾ.ಕ.: ಕೊನೆಗೆ ಇನ್ನೊಂದು ಕೇಳಿದ್ದೆ. ಬೂದಿ ಹಿಡಿದು ನನ್ನ ತಂಗಿಯೇ ಬರುತ್ತಾಳಾ ಎಂದು. ಎರಡೂ ಅಂಗಾತ ಬಿದ್ದವು. ಹಾಗೆ ಬಿದ್ದರೆ ಅಮ್ಮ ನಗುತ್ತಿದ್ದಾಳೆ, ಇದನ್ನು ನನ್ನನ್ನೇಕೆ ಕೇಳುತ್ತೀ ಎನ್ನುತ್ತಿದ್ದಾಳೆ ಎಂದರ್ಥ, ನಿನಗೆ ಗೊತ್ತಲ್ಲ. ಅದಕ್ಕೇ ನಿನ್ನನ್ನು ಕೇಳುತ್ತಿದ್ದೇನೆ.