ಬಲಗಿವಿಯ ಸೀಳು

ರಂಗಂಪೇಟೆ, ಸುರಪುರ ತಾಲೂಕು
೧೮ ನವೆಂಬರ್ ೨೦೨೫, ಮಂಗಳವಾರ

ಹಣಮೇಶಣ್ಣನಿಗೆ ನಿನ್ನ ಭಾರತಿಯ ನಮಸ್ಕಾರ.

ಹೇಗಿದ್ದೀಯ ಅಣ್ಣಾ? ನಿಮ್ಮ ವೀಕ್ಷಣಾಲಯದ ಬೆಟ್ಟದ ಮೇಲೆ ಈಗ ಕೊಡದಲ್ಲಿನ ನೀರೂ ಗಡ್ಡೆ ಕಟ್ಟುವ ಚಳಿ ಇರಬೇಕು. ಹೋದ ವರ್ಷ ಇದೇ ದಿನಗಳಲ್ಲಿ ನೀನು ಮೂಗಿನಿಂದ ರಕ್ತ ಬರುತ್ತದೆ, ಗಾಳಿ ತೆಳುವಾಗಿದೆ ಎಂದು ಮೆಸೇಜ್ ಮಾಡಿದ್ದೆ. ಈಗಲೂ ಬರುತ್ತದೆಯೇ? ಅವ್ವ ಕೊಟ್ಟ ಕಂಬಳಿ ಹೊದೆಯುತ್ತೀಯೋ, ಅಲ್ಲಿಯವರು ನಗುತ್ತಾರೆಂದು ಟ್ರಂಕಿನಲ್ಲೇ ಇಟ್ಟಿದ್ದೀಯೋ? ಹೊದ್ದುಕೋ. ನಕ್ಕವರಿಗೆ ಒಂದು ರಾತ್ರಿ ಅದನ್ನು ಕೊಟ್ಟು ನೋಡು, ಬೆಳಿಗ್ಗೆ ಅವರು ವಾಪಸು ಕೊಡುವುದಿಲ್ಲ.

ಕೈಯಿಂದ ಯಾಕೆ ಬರೆದಿದ್ದಾಳೆ ಎಂದು ನೀನು ಅಂದುಕೊಳ್ಳಬಹುದು. ನಾನು ಕಳಿಸಿದ ಒಂದು ಮೆಸೇಜಿಗೂ ಎರಡನೇ ಟಿಕ್ ಬಿದ್ದಿಲ್ಲ. ಮಾರ್ಚಿನಿಂದ ಒಂದೇ ಟಿಕ್. ನಕ್ಷತ್ರ ನೋಡುವವರ ನಮ್ಮ ವಾಟ್ಸಾಪ್ ಗ್ರೂಪಿನಿಂದಲೂ ನೀನು ಎಕ್ಸಿಟ್ ಆದೆ. "ಹಣಮೇಶ ಸರ್ ಎಲ್ಲ್ಯದಾರ?" ಎಂದು ಹೊಸಬರು ಇನ್ನೂ ಕೇಳುತ್ತಾರೆ, ನಾನು ಕೈಮುಗಿಯುವ ಎಮೋಜಿ ಹಾಕುತ್ತೇನೆ. ಕೊನೆಗೆ ಗ್ರೂಪಿನ ಅಡ್ಮಿನ್ ಇನಾಯತಣ್ಣ ನಿಮ್ಮ ವೀಕ್ಷಣಾಲಯದ ಆಫೀಸಿನ ಈಮೇಲ್ ಹುಡುಕಿಕೊಟ್ಟ. ಯಾದಗಿರಿಯಲ್ಲಿ ಮೊಬೈಲ್ ರಿಪೇರಿ ಮಾಡುತ್ತಾನಲ್ಲ, ಅವನೇ. ಈ ಪತ್ರದ ಫೋಟೊ ತೆಗೆದು ಅವನಿಗೆ ಕಳಿಸುತ್ತೇನೆ, ಅವನು ಪ್ರಿಂಟ್ ಮಾಡಿ ನಿನ್ನ ಕೈಗೆ ಕೊಡಿ ಎಂದು ಆಫೀಸಿಗೆ ಬರೆಯುತ್ತಾನೆ. "ಟೈಪ್ ಮಾಡಿದ್ರ ಡಿಲೀಟ್ ಒತ್ತತಾನ. ತಂಗಿ ಅಕ್ಷರ ಕಂಡ್ರ ಹರ್ಯಾಕ ಕೈ ಬರಂಗಿಲ್ಲ" ಎಂದ. ಅದಕ್ಕೇ ಬರೆಯುತ್ತಿದ್ದೇನೆ. ಪತ್ರ ಅಂದರೆ ಪುಸ್ತಕದ ಕನ್ನಡದಲ್ಲಿ ಬರೆಯಬೇಕು ಎಂದು ಸಣ್ಣವಳಿದ್ದಾಗ ನೀನೇ ಕಿವಿ ಹಿಂಡಿ ಕಲಿಸಿದ್ದೆ. ಹಾಗೇ ಬರೆಯುತ್ತೇನೆ. ತಪ್ಪಿದ್ದರೆ ಬಂದು ತಿದ್ದು.

ಅಪ್ಪನ ವಿಷಯ ಮೊದಲೇ ಹೇಳಿಬಿಡುತ್ತೇನೆ. ನಿನ್ನ ಹಾಗೆ ಗ್ರಾಫನ್ನೆಲ್ಲಾ ತೋರಿಸಿ ಕೊನೆಯಲ್ಲಿ ಉತ್ತರ ಹೇಳುವ ತಾಳ್ಮೆ ನನಗಿಲ್ಲ. ಅಪ್ಪನ ಹೃದಯದ ಒಂದು ಕವಾಟ ಕಿರಿದಾಗಿದೆ. ದಸರಾ ರಜೆಗೆ ಹಾಸ್ಟೆಲಿನಿಂದ ಬಂದಾಗ ನೋಡಿದೆ, ಹಿಂಡಿನ ಹಿಂದೆ ನಡೆಯುತ್ತಾ ನಡುನಡುವೆ ಜಾಲಿ ಗಿಡ ಹಿಡಿದು ನಿಲ್ಲುತ್ತಿದ್ದ. ಕೇಳಿದರೆ, "ಕುರಿ ಮೇಯಾಕತ್ತಾವಲ್ಲ, ನಾ ಎಲ್ಲಿ ಓಡ್ಲಿ" ಎನ್ನುತ್ತಿದ್ದ. ಕುರಿ ಮೇಯುತ್ತಿರಲಿಲ್ಲ, ಮುಂದೆ ಹೋಗಿಬಿಟ್ಟಿದ್ದವು. ನಾನೂ ಅವ್ವನೂ ಜಗಳ ಮಾಡಿ ಶಾಹಾಪುರದ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆವು. ಅವರು ನೋಡಿ, ತಡ ಮಾಡಬೇಡಿ, ಕಲಬುರ್ಗಿಗೆ ಹೋಗಿ ಆಪರೇಷನ್ ಮಾಡಿಸಿ, ಇಲ್ಲದಿದ್ದರೆ ಒಂದು ದಿನ ನಿಂತಲ್ಲೇ ಬೀಳುತ್ತಾರೆ ಎಂದರು. ಅಪ್ಪ ಅಂಗಿ ಗುಂಡಿ ಹಾಕಿಕೊಳ್ಳುತ್ತಾ, "ಡಾಕ್ಟರಪ್ಪ ಒಳ್ಳೇಂವ ಅದಾನ" ಎಂದ. ಅಷ್ಟೇ. ಮರುದಿನ ಬೆಳಿಗ್ಗೆ ಕುರಿಹಟ್ಟಿಯ ಬಾಗಿಲು ತೆಗೆದು ಹಿಂಡು ಹೊಡೆದುಕೊಂಡು ಹೋದ. ಅವನನ್ನು ಹೀಗೆ ಬಿಟ್ಟು ನಾನಿನ್ನೂ ಹಾಸ್ಟೆಲಿಗೆ ವಾಪಸು ಹೋಗಿಲ್ಲ.

ಆ ಡಾಕ್ಟರ ಕೋಣೆಯಲ್ಲಿ ನೀನಿರಬೇಕಿತ್ತು ಅಣ್ಣಾ. ಎದೆಗೆ ತಣ್ಣನೆಯ ಲೇಪ ಹಚ್ಚಿ, ಧ್ವನಿಯನ್ನು ಒಳಗೆ ಕಳಿಸಿ, ತಿರುಗಿ ಬಂದ ಧ್ವನಿಯಿಂದ ಚಿತ್ರ ಮಾಡುವ ಮಷಿನ್. ಪರದೆಯ ಮೇಲೆ ಅಪ್ಪನ ಹೃದಯ ಬಡಿಯುತ್ತಿತ್ತು. ನನಗೆ ಅಳು ಬರಬೇಕಿತ್ತು, ಆದರೆ ನೀನು ನಕ್ಷತ್ರದ ಹುಚ್ಚು ಹಿಡಿಸಿದ ಹುಡುಗಿ ನಾನು, ನಿನ್ನ ಪಾಠವೇ ನೆನಪಾಯಿತು. ನಕ್ಷತ್ರದ ಹೊಟ್ಟೆಯೊಳಗೆ ಸದ್ದು ಸಿಕ್ಕಿಹಾಕಿಕೊಂಡು ಗಂಟೆಯ ಹಾಗೆ ಮೊಳಗುತ್ತದೆ, ಅದಕ್ಕೆ ಇಡೀ ನಕ್ಷತ್ರ ನಡುಗಿ ಅದರ ಬೆಳಕು ಸಣ್ಣಗೆ ಏರಿಳಿಯುತ್ತದೆ, ಆ ಏರಿಳಿತ ನೋಡಿ ಅದರ ಗಾತ್ರ, ವಯಸ್ಸು, ಒಡಲಲ್ಲಿ ಇನ್ನೆಷ್ಟು ಉರುವಲು ಉಳಿದಿದೆ ಎಲ್ಲವನ್ನೂ ಹೇಳಬಹುದು ಎಂದು ಗ್ರೂಪಿನಲ್ಲಿ ವಾಯ್ಸ್ ನೋಟ್ ಮೇಲೆ ವಾಯ್ಸ್ ನೋಟ್ ಹಾಕುತ್ತಿದ್ದೆಯಲ್ಲ. ನಮ್ಮ ಸೂರ್ಯನೂ ಐದು ನಿಮಿಷಕ್ಕೊಮ್ಮೆ ನಡುಗುತ್ತಾನೆ ಎಂದಾಗ ನಾನು ಹಾಸ್ಟೆಲಿನ ಮಾಳಿಗೆ ಹತ್ತಿ ಕಣ್ಣು ಮುಚ್ಚಿ ಬಿಸಿಲಿನಲ್ಲಿ ಕೂತು, ಗೊತ್ತಾಗುತ್ತದೇನೋ ಎಂದು ಕಾದಿದ್ದೆ. ಹುಚ್ಚಿ. ಶಾಹಾಪುರದಿಂದ ಬರುವಾಗ ಬಸ್ಸಿನಲ್ಲಿ ಇದನ್ನೇ ಅಪ್ಪನಿಗೆ ಹೇಳಿದೆ, ಅಣ್ಣ ಅಲ್ಲಿ ಮಾಡುವ ಕೆಲಸವೂ ಇಂಥದ್ದೇ, ಅಷ್ಟು ದೂರದ ನಕ್ಷತ್ರದ, ಅಪ್ಪನ ಮಾತಿನ ಚಿಕ್ಕಿಯ, ಒಳಗಿನದು ಅವನಿಗೆ ಕೇಳಿಸುತ್ತದೆ ಎಂದು. ಅಪ್ಪ ಕಿಟಕಿಯ ಕಡೆ ತಿರುಗಿ, "ಅಷ್ಟ ದೂರದ್ದು ಕೇಳಸ್ತೈತಿ ಅವಗ. ಮನ್ಯಾಗಿಂದು ಕೇಳಸಂಗಿಲ್ಲ" ಎಂದ.

ಕಲಬುರ್ಗಿಗೆ ಯಾಕೆ ಹೋಗುವುದಿಲ್ಲ ಎಂದು ಕೇಳಿದರೆ ಒಂದೇ ಮಾತು. ಈಗ ಕುರಿ ಈಯುವ ಕಾಲ, ಗಬ್ಬದ ಕುರಿ ಬಿಟ್ಟು ಹೋಗುವುದಿಲ್ಲ. ಯಾರಿಗಾದರೂ ಒಪ್ಪಿಸಿ ಹೋಗು ಎಂದರೆ ಆಳಿನ ಕೈಗೆ ಹಿಂಡು ಕೊಡುವುದಿಲ್ಲ. ವಡಗೇರಾ ಮಾವ ತನ್ನ ಹಿಂಡು ಹೊಡೆದುಕೊಂಡು ಹೊಳೆ ದಾಟಿ ಹೋಗಿದ್ದಾನೆ, ಅವನು ಬರುವುದು ಬೇಸಿಗೆಗೆ. ನಾನು ಕಾಲೇಜು ಬಿಟ್ಟು ಕಾಯುತ್ತೇನೆ ಎಂದೆ. "ನೀ ಓದವ್ವಾ. ಅಡವ್ಯಾಗ ಒಬ್ಬಾಕೀನ ಹೆಂಗ ಇರ್ತಿ?" ಎಂದ. ಅವ್ವ ಅತ್ತು, ಬೈದು, ಒಂದು ಹೊತ್ತು ಒಲೆಯನ್ನೇ ಹಚ್ಚಲಿಲ್ಲ. ಆಗ ಅಪ್ಪ ಹೆಗಲ ಮೇಲಿನ ಕಂಬಳಿ ಮುಟ್ಟಿ ತೋರಿಸಿ, "ಇದನ್ನ ಹಣಮನ ಹೆಗಲಿಗಿ ಹಾಕ್ತೀನಿ, ಅವತ್ತ ಹೋಗ್ತೀನಿ. ಅಲ್ಲೀತನಕ ನನಗ ಏನ ಆಗಂಗಿಲ್ಲ" ಎಂದ. ಅವನ ಅಪ್ಪ ಹಿಂಡು ಒಪ್ಪಿಸುವಾಗ ಅವನಿಗೆ ಹಾಗೇ ಹಾಕಿದ್ದನಂತೆ. ನೀನು ಕುರಿ ಕಾಯಲು ಬರುವುದಿಲ್ಲ ಎಂದು ಅವನಿಗೂ ಗೊತ್ತು. ಗೊತ್ತಿದ್ದೂ ಹೇಳುತ್ತಾನೆ.

ಈಗ ಮಾರ್ಚ್ ತಿಂಗಳ ಮಾತು. ಸಿಟ್ಟಾಗಬೇಡ, ಪೂರ್ತಿ ಓದು. ಆ ಬೆಳಿಗ್ಗೆ ಅಪ್ಪನೂ ನೀನೂ ಜಗಳವಾಡಿದಿರಿ. "ಚಿಕ್ಕಿ ನೋಡಿದ್ರ ಹೊಟ್ಟಿ ತುಂಬತೈತೇನು?" ಎಂದು ಅಪ್ಪ ಅಂದದ್ದು ತಪ್ಪೇ. ನೀನು ಬ್ಯಾಗು ಹೊತ್ತು ಯಾದಗಿರಿ ಬಸ್ಸು ಹತ್ತಿದೆ. ಶಾಹಾಪುರದ ಹತ್ತಿರ ವಡಗೇರಾ ಮಾವ ಕುರಿ ಹೊಡೆದುಕೊಂಡು ಹೋಗುವುದನ್ನು ಕಿಟಕಿಯಿಂದ ನೋಡಿದೆ. ಎಲ್ಲವೂ ಬಲಗಿವಿಗೆ ಸೀಳು ಇದ್ದವು, ನಿನ್ನ ಗುರುತಿನವು. ನೀನು ಹುಟ್ಟಿದಾಗ ಅಪ್ಪ ನಿನ್ನ ಹೆಸರಿಗೆ ಬಿಟ್ಟ ಕುರಿಯ ಪೀಳಿಗೆ. ಅವತ್ತು ಶಾಹಾಪುರದ ಸಂತೆ. ನೀನು ರೈಲಿನಲ್ಲಿ ಕೂತು ನನಗೆ ಮೆಸೇಜ್ ಹಾಕಿದೆ: "ನನ್ನ ಪಾಲು ಸಂತಿಗಿ ಹೊಡದಾನ. ನಾ ಇನ್ನ ಆ ಮನಿಯಾಂವಲ್ಲ." ಅದೇ ಕೊನೆ. ನಾನು ಯಾದಗಿರಿಯ ಹಾಸ್ಟೆಲಿನಲ್ಲಿದ್ದೆ, ನೀನು ಹೇಳಿದ್ದನ್ನು ನಂಬಿದೆ. ಅಪ್ಪನ ಜೊತೆ ಎಷ್ಟೋ ದಿನ ನಾನೂ ನೆಟ್ಟಗೆ ಮಾತಾಡಲಿಲ್ಲ.

ಅಣ್ಣಾ, ಅವು ಸಂತೆಗೆ ಹೋಗಿರಲಿಲ್ಲ. ನಮ್ಮ ಹಟ್ಟಿಗೆ ಸಿಡುಬು ಬಂದಿತ್ತು. ಜಗಳದ ಹಿಂದಿನ ದಿನವೇ ಎರಡು ಕುರಿಗಳ ಮೂತಿಯ ಮೇಲೆ ಗುಳ್ಳೆ ಎದ್ದಿದ್ದವು. ನೀನು ರಜೆಯ ಮೇಲೆ ಬಂದವನು, ಮನಸ್ಸು ಕೆಡುತ್ತದೆ ಎಂದು ಅಪ್ಪ ನಿನಗೆ ಹೇಳಿರಲಿಲ್ಲ. ಸಿಡುಬು ಹಬ್ಬುವ ಮುಂಚೆ ಯಾವುದನ್ನಾದರೂ ಉಳಿಸಬೇಕಲ್ಲ, ನಿನ್ನ ಗುರುತಿನವನ್ನು ಆರಿಸಿ ಬೇರೆ ಮಾಡಿ ಮಾವನ ಹಿಂಡಿಗೆ ಕಳಿಸಿದ. ತನ್ನವನ್ನು ಇಲ್ಲೇ ಇಟ್ಟುಕೊಂಡ. ಅವುಗಳಲ್ಲಿ ಎಷ್ಟು ಉಳಿದವು ಎಂದು ಕೇಳಬೇಡ, ಹಟ್ಟಿಯ ಹಿಂದಿನ ಗುಂಡಿಯ ಮೇಲೆ ಈಗ ಹುಲ್ಲು ಬೆಳೆದಿದೆ. ದಸರಾ ಮುಗಿದ ಮೇಲೆ ಮಾವ ನಿನ್ನ ಕುರಿ ತಂದುಬಿಟ್ಟ. ಕಿವಿಯ ಸೀಳು ನೋಡಿ ನಾನು ನಿಂತೇಬಿಟ್ಟೆ. ಆಗ ಅವ್ವನಿಗೆ ನಿನ್ನ ಮೆಸೇಜ್ ಓದಿ ಹೇಳಿದೆ. ಅವ್ವ ರೊಟ್ಟಿಯ ಹಿಟ್ಟಿನ ಕೈಯಲ್ಲೇ ಕುಸಿದು ಕೂತು, "ಅಯ್ಯ ನನ್ನ ಹುಚ್ಚ ಮಗನ" ಎಂದಳು. ಅಪ್ಪನಿಗೂ ಓದಿದೆ. ಫೋನ್ ಮಾಡಿಸಿ ಆಗಲೇ ಯಾಕೆ ಹೇಳಲಿಲ್ಲ ಎಂದೆ. "ಕೇಳಿದ್ರ ಹೇಳ್ತಿದ್ದೆ. ಕೇಳಲಿಲ್ಲಲ್ಲ ಅಂವ" ಎಂದು ಎದ್ದು ಹೋದ. ಇಬ್ಬರೂ ಒಂದೇ ಕಲ್ಲಿನಲ್ಲಿ ಕಡೆದವರು.

ನಿನಗೊಂದು ಮಾತು ನೆನಪಿಸಲೇ? ನನ್ನ ಮೊದಲ ನಕ್ಷತ್ರ ನೆನಪಿದೆಯಾ? ಗ್ರೂಪಿನಲ್ಲಿ ನೀನು ಹಂಚಿದ್ದ ಬೆಳಕಿನ ಗ್ರಾಫುಗಳಲ್ಲಿ ಒಂದರ ಬೆಳಕು ಒಮ್ಮೆ ಥಟ್ಟನೆ ಇಳಿದು ಏರಿತ್ತು. ಗ್ರಹ ಅಡ್ಡ ಬಂದಿದೆ, ನಾನು ಗ್ರಹ ಹಿಡಿದೆ ಎಂದು ಸ್ಕ್ರೀನ್‌ಶಾಟಿಗೆ ಕೆಂಪು ಸುತ್ತು ಹಾಕಿ ಎಲ್ಲರಿಗೂ ಕಳಿಸಿದ್ದೆ. ಎಲ್ಲರೂ ಪಟಾಕಿಯ ಎಮೋಜಿ ಹಾರಿಸಿದರು. ನೀನೊಬ್ಬನೇ ಬರೆದೆ: "ಒಂದ ಸಲ ಕಂಡಿದ್ದು ಸುದ್ದಿ ಅಲ್ಲ ತಂಗಿ. ಮೂರು ಸಲ ಬರ್ಲಿ. ಮೊದಲ ಚಿಕ್ಕಿ ಒಳಗ ಏನೈತಿ ತಿಳ್ಕೊ. ಅದು ಎಷ್ಟ ದೊಡ್ಡದು ಗೊತ್ತಿಲ್ಲಂದ್ರ, ಅಡ್ಡ ಬಂದದ್ದು ಎಷ್ಟ ದೊಡ್ಡದು ಹೆಂಗ ಹೇಳ್ತಿ?" ಬೇಜಾರಾಗಿತ್ತು, ಆದರೆ ಕಾದೆ. ಈಗ ಆ ನಕ್ಷತ್ರದ ಬೆಳಕು ಮೂರನೇ ಸಲವೂ ಇಳಿದಿದೆ. ಒಂದು ಸಲ ಆಳವಾಗಿ, ಒಂದು ಸಲ ಅರ್ಧಕ್ಕೆ, ಮತ್ತೆ ಆಳವಾಗಿ. ಅದು ಗ್ರಹವಲ್ಲ. ಒಂದನ್ನೊಂದು ಸುತ್ತುವ ಎರಡು ನಕ್ಷತ್ರಗಳು, ಸರದಿಯ ಮೇಲೆ ಒಂದು ಇನ್ನೊಂದನ್ನು ಮರೆ ಮಾಡುತ್ತವೆ. ನೀನು ಹೇಳಿದ್ದೇ ಸರಿಯಾಯಿತು. ಅದನ್ನು ನಿನಗೆ ಹೇಳಲು ಟೈಪ್ ಮಾಡಿದೆ. ಒಂದೇ ಟಿಕ್.

ನನಗೆ ಕಾಯಲು ಕಲಿಸಿದವನು ನೀನು, ಬಸ್ಸಿನ ಕಿಟಕಿಯಿಂದ ಒಂದೇ ಸಲ ನೋಡಿ ತೀರ್ಮಾನ ಮಾಡಿಬಿಟ್ಟೆ. ಅಪ್ಪನ ಒಳಗೆ ಏನಿದೆ ಎಂದು ತಿಳಿದುಕೊಳ್ಳದೆ ಅಡ್ಡ ಬಂದದ್ದರ ಗಾತ್ರ ಹೇಳಿಬಿಟ್ಟೆ. ಇದನ್ನು ಚುಚ್ಚಲು ಬರೆಯುತ್ತಿಲ್ಲ. ಸುಳ್ಳು, ಸ್ವಲ್ಪ ಚುಚ್ಚಲೆಂದೇ ಬರೆಯುತ್ತಿದ್ದೇನೆ. ಮನೆಯಲ್ಲಿ ನಿನ್ನ ಫೋಟೊ ಇದ್ದ ಕಡೆ ಈಗ ಕ್ಯಾಲೆಂಡರ್ ಇದೆ, ಆದರೆ ಬಿಸಿರೊಟ್ಟಿ ಬುಟ್ಟಿಗೆ ಹಾಕುವಾಗ ಅವ್ವ ಇವತ್ತಿಗೂ ನಿನ್ನ ಪಾಲಿನದೊಂದು ಹೆಚ್ಚು ಬಡಿಯುತ್ತಾಳೆ. ನೀನು ಕಾಣುವುದಿಲ್ಲ ಅಣ್ಣಾ, ಆದರೆ ಈ ಮನೆಯಲ್ಲಿ ಎಲ್ಲರೂ ನಿನ್ನ ಸುತ್ತಲೇ ಅಲುಗುತ್ತಾರೆ.

ನಿನ್ನ ಕುರಿಗಳು ಈ ಸಲವೂ ಮರಿ ಹಾಕಿವೆ. ಹೋದ ವಾರ ಅಪ್ಪ ಕಿವಿ ಸೀಳಲು ಕೂತ. ಮರಿಯನ್ನು ಮೊಣಕಾಲ ನಡುವೆ ಹಿಡಿದ, ಚೂರಿಯನ್ನೂ ತೆಗೆದ. ಚೂರಿ ಕಿವಿಯ ಮೇಲೆ ನೆಟ್ಟಗೆ ನಿಲ್ಲಲಿಲ್ಲ. ನನ್ನ ಮುಖ ನೋಡಿ ನಕ್ಕು, "ಇರ್ಲಿ, ಅಂವ ಬಂದ ಮಾಡ್ತಾನ" ಎಂದು ಮರಿಯನ್ನು ಬಿಟ್ಟ. ನಿನ್ನ ಮರಿಗಳು ಗುರುತಿಲ್ಲದೆ ತಿರುಗುತ್ತಿವೆ. ಒಂದು ವಾರ ರಜೆ ಕೇಳಿ ಬಾ. ಕಂಬಳಿಯನ್ನು ಒಂದು ದಿನದ ಮಟ್ಟಿಗೆ ಹೆಗಲಿಗೆ ಹಾಕಿಸಿಕೋ. ಅಪ್ಪ ಕಲಬುರ್ಗಿಯ ಗಾಡಿ ಹತ್ತಿದ ಮೇಲೆ ನನ್ನ ಹೆಗಲಿಗೆ ಹಾಕಿ ನಿನ್ನ ಬೆಟ್ಟಕ್ಕೆ ಹೋಗಿಬಿಡು, ನಾನು ಯಾರಿಗೂ ಹೇಳುವುದಿಲ್ಲ. ನೀನು ಬಾಗಿಲಲ್ಲಿ ನಿಂತರೆ ಸಾಕು, ಉಳಿದದ್ದನ್ನು ನಾನೂ ಅವ್ವನೂ ನೋಡಿಕೊಳ್ಳುತ್ತೇವೆ.

ಅವ್ವ ನಿನ್ನ ತಲೆಯ ಮೇಲೆ ಕೈಯಿಟ್ಟಿದ್ದೇನೆ ಎಂದು ಬರೆಯಲು ಹೇಳಿದ್ದಾಳೆ. ಅಪ್ಪ ನಾನು ಬರೆಯುತ್ತಿರುವುದನ್ನು ಕಂಡು ಹಟ್ಟಿಯ ಕಡೆ ಹೋಗಿದ್ದಾನೆ. ಮೂಗಿನ ರಕ್ತಕ್ಕೆ ಔಷಧ ತೆಗೆದುಕೋ.

ನಿನ್ನ ಬೆನ್ನು ಬಿಡದ ತಂಗಿ,
ಭಾರತಿ

ತಾ.ಕ.: ಅಣ್ಣಾ, ಪತ್ರದ ಫೋಟೊ ತಗ್ಯಾಕತ್ತಿದ್ದೆ, ಅಪ್ಪ ಹಟ್ಟಿ ಬಾಗಲದಾಗ ಬಿದ್ದಾನ. ಉಸಿರು ಐತಿ, ತುಟಿ ನೀಲಿ ಆಗ್ಯಾವ. ಬಾಜೂ ಮನಿ ಯೂನುಸ ಟಂಟಂ ಆಟೊ ತಂದಾನ, ಅವ್ವ ತೊಡಿಮ್ಯಾಲ ತಲಿ ಇಟಗೊಂಡು ಕುಂತಾಳ. ಸುರಪುರದಾಗ ಆಂಬುಲೆನ್ಸ್ ಹಿಡದು ಕಲಬುರ್ಗಿಗಿ ಹೊಂಟಾರ. ಗಾಡಿ ಹತ್ತಿಸೂ ಮುಂದ ಅಪ್ಪ ಕಂಬಳಿ ತಗದು ನನ್ನ ಹೆಗಲಿಗಿ ಹಾಕಿದ. "ಬಿಸಲಾತು, ಕುರಿ ಬಿಡವ್ವಾ" ಅಂದ. ನಿನ್ನ ಹೆಸರ ತಗೀಲಿಲ್ಲ. ಕುರಿ ಒಳಗ ಒದರಾಕತ್ತಾವ, ಹಟ್ಟಿ ತಗ್ಯಾಕ ಹೊಂಟೀನಿ. ನೀ ಮನಿಗಿ ಬರಬ್ಯಾಡ. ರೈಲು ಯಾದಗಿರಿ ಮುಟ್ಟೂತನಕ ಕುಂದ್ರಬ್ಯಾಡ, ಕಲಬುರ್ಗ್ಯಾಗ ಇಳಿ. ಕುರಿ ನಾ ಕಾಯ್ತೀನಿ.