ಚೌಡನ ಆಲೆಮನೆಯ ಪಾಠ

ಅಪ್ಪಾ,

ಸಿರಸಿಯ ಬಸ್ಸು ಕೆಟ್ಟು ಬೋಧಕರು ಇವತ್ತು ಚರ್ಚಿನ ಆರಾಧನೆಗೆ ಬರಲಿಲ್ಲ. ನೀನು ನಿಂತು ಬೋಧಿಸುತ್ತಿದ್ದ ಜಾಗದಲ್ಲಿ ನಾನೇ ನಿಂತೆ. ನಿನ್ನಂತೆ ಕಂಡದ್ದನ್ನೇ ಹೇಳಿದೆ.

ನಿನ್ನೆ ಮನ್ಮನೆಯ ಚೌಡನ ಆಲೆಮನೆಗೆ, ಬೇಲಿ ಜಗಳದಿಂದ ಅವನೊಡನೆ ಮಾತುಬಿಟ್ಟಿದ್ದ ಶಾಂತಾರಾಮ ಬಂದ. ಬೆಲ್ಲ ಕಾಸುವಲ್ಲಿಗೆ ಬಂದವರಿಗೆ ಕಬ್ಬಿನಹಾಲು ಇಲ್ಲವೆನ್ನುವಂತಿಲ್ಲವಲ್ಲ. ಚೌಡ ಚೊಂಬು ತುಂಬಿದ.

"ಕುಡಿ ಮಾರಾಯ, ಸಿಟ್ಟು ಬೇಲಿ ಮೇಲೆ, ನಿನ್ನ ಹೊಟ್ಟೆ ಮೇಲಲ್ಲ."

"ಲಿಂಬೆ ಹಿಂಡಿದ್ಯನಾ?" ಎಂದ ಶಾಂತಾರಾಮ. ಇಬ್ಬರೂ ನಕ್ಕರು.

"ದೇವರ ಕೃಪೆಯೂ ಹಾಗೇ, ಬಾಗಿಲಿಗೆ ಬಂದರೆ ಸಾಕು" ಎಂದು ಪ್ರಸಂಗ ಮುಗಿಸಿದೆ.

ಹೊರಗೆ, ನಿನ್ನನ್ನು ಮಣ್ಣು ಮಾಡಿದ ದಿನದಿಂದ ನನ್ನೊಡನೆ ಮಾತಾಡದ ತಮ್ಮ ಯೋನಾಸ ನಿಂತಿದ್ದ.

"ಅಣ್ಣಾ, ನಿನ್ನ ಬಾಗ್ಲಿಗೆ ಬಂದ್ರೆ ಎಂತ ಕೊಡ್ತೀಯ?"

ಈಗ ನಮ್ಮ ಮನೆ ಜಗಲಿಯಲ್ಲಿ ಕೂತು, ನನ್ನ ಪ್ರಸಂಗ ಉದ್ದವಾಯಿತೆಂದು ಗೊಣಗುತ್ತಿದ್ದಾನೆ. ಚಹಾ ಕುದಿಯುತ್ತಿದೆ. ಅವನಿಗೆಂದು ನಿನ್ನ ಲೋಟ ತೊಳೆದಿಟ್ಟೆ.